ಮೂರನೆಯ ಸೌಟು

ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವನಿಗೆ ಊರಿನ ಜನರ ಮುಖಕ್ಕಿಂತ ಕೈಗಳೇ ಹೆಚ್ಚು ಪರಿಚಯ. ಕೊಟ್ಟೂರಿನಲ್ಲಿ ನಾನು ಗುಮಾಸ್ತನಾಗಿದ್ದಾಗ ನಮ್ಮ ಕಿಟಕಿ ಬಹಳ ತಗ್ಗಿನಲ್ಲಿತ್ತು. ಒಳಗೆ ಬರುವ ಕೈ ನೋಡಿಯೇ ಯಾರು ಬಂದರೆಂದು ಹೇಳುತ್ತಿದ್ದೆ. ಮನಿಯಾರ್ಡರ್ ಬಂದವರ ಕೈ ಧಾರಾಳವಾಗಿ ಒಳಗೆ ಬರುತ್ತಿತ್ತು. ಕಂದು ಕಾಗದದ ಕಟ್ಟು ಬಂದವರ ಕೈ ಮಾತ್ರ ಹೆದರಿ ಹೆದರಿ ಬರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ತಿಂಗಳಿಗೊಮ್ಮೆ ಅಂಥ ಏಳೆಂಟು ಕಟ್ಟುಗಳು ಬರುತ್ತಿದ್ದವು. ಮೇಲೆ ದೂರದ ವಿಶ್ವವಿದ್ಯಾಲಯದ ನೀಲಿ ಮೊಹರು, ಸುತ್ತಲೂ ಹುರಿಯ ಗಂಟು. ಒಳಗಿರುತ್ತಿದ್ದದ್ದು ಅಂಚೆಯ ಮೂಲಕ ಬಿ.ಎ. ಓದುವವರಿಗೆ ಕಳಿಸುವ ಪಾಠಗಳು. ಆ ಕಟ್ಟಿನ ಒಡೆಯರು ಬೇರೆಯವರೆಲ್ಲ ಹೋಗುವ ತನಕ ಹಲಗೆಯ ಮೇಲಿನ ನೋಟೀಸು ಓದುತ್ತ ನಿಂತಿರುತ್ತಿದ್ದರು. ಆಮೇಲೆ ಬಂದು, "ಬುಕ್ ಪೋಸ್ಟ್ ಏನರ ಬಂದೈತೇನ್ರಿ?" ಎಂದು ಪಿಸುದನಿಯಲ್ಲಿ ಕೇಳಿ, ಕಟ್ಟನ್ನು ಅಂಗಿಯೊಳಗೆ ತುರುಕಿಕೊಂಡು ಹೋಗುತ್ತಿದ್ದರು. ನಾಚಿಕೆಗೆ ಕಾರಣವಿತ್ತು. ನೌಕರಿ ಮಾಡುತ್ತ, ಮಕ್ಕಳನ್ನು ಸಾಲೆಗೆ ಕಳಿಸುತ್ತ, ತಾನೂ ಓದುತ್ತೇನೆಂದರೆ ಜನ ನಗುತ್ತಿದ್ದರು. ಅದೂ ಅಲ್ಲದೆ, ಊರಿಗೆ ಗೊತ್ತಾಗಿ ಓದಿದರೆ ನಪಾಸಾದದ್ದೂ ಊರಿಗೆ ಗೊತ್ತಾಗುತ್ತದೆ.

ಅವರ ಕಷ್ಟ ನನಗೆ ಚೆನ್ನಾಗಿ ತಿಳಿಯುತ್ತಿತ್ತು, ಯಾಕೆಂದರೆ ಆ ಕಟ್ಟುಗಳಲ್ಲಿ ಒಂದು ನನ್ನದೇ. ನನ್ನ ಹೆಸರಿಗೆ ಬಂದದ್ದನ್ನು ನಾನೇ ವಿಂಗಡಿಸಿ, ನಾನೇ ಮೊಹರು ಒತ್ತಿ, ಪೋಸ್ಟ್ ಮಾಸ್ಟರರ ಕಣ್ಣು ತಪ್ಪಿಸಿ ಮೇಜಿನ ಖಾನೆಯಲ್ಲಿ ಬಚ್ಚಿಡುತ್ತಿದ್ದೆ. ಮನೆಗೆ ಒಯ್ದು ಬಿಚ್ಚಿದರೆ ಎರಡು ಪುಟ ಅರ್ಥವಾಗುತ್ತಿತ್ತು, ಮೂರನೆಯದು ಆಗುತ್ತಿರಲಿಲ್ಲ. ಕೇಳೋಣವೆಂದರೆ ನರಪಿಳ್ಳೆ ಇಲ್ಲ. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅರ್ಥವಾಗದ ಪುಟದ ಮೇಲೆ ಸಿಟ್ಟು ಮಾಡಿಕೊಂಡು ಪುಸ್ತಕ ಎಸೆದು, ಸ್ವಲ್ಪ ಹೊತ್ತಿಗೆ ನಾನೇ ಹೋಗಿ ಎತ್ತಿಕೊಂಡು ಬರುತ್ತಿದ್ದೆ.

ಒಂದು ದಿನ ದಾವಣಗೆರೆಯಿಂದ ಹರಪನಹಳ್ಳಿಯ ಮೇಲೆ ಕೂಡ್ಲಿಗಿಗೆ ಹೋಗುವ ಬಸ್ಸಿನ ಕಂಡಕ್ಟರ್ ಬಂದ. ಕಿಟಕಿಯ ಮುಂದೆ ಬೇರೆ ಯಾರೂ ಇರಲಿಲ್ಲ. ಆದರೂ ಅವನು ಹಿಂದೆ ಮುಂದೆ ನೋಡಿ ಕಟ್ಟನ್ನು ಟಿಕೆಟ್ ಚೀಲದೊಳಗೆ ತುರುಕತೊಡಗಿದ. ನನಗೆ ತಡೆಯಲಾಗಲಿಲ್ಲ.

"ಎಷ್ಟಂತ ಮುಚ್ಚಿಡ್ತೀರಿ? ಏನ್ ಕದ್ದ ಮಾಲೇನ್ರಿ ಅದು? ನಾನೂ ಅದನ್ನ ಓದಾಕತ್ತೀನಿ," ಎಂದು ಗದರಿದೆ.

ಅವನು ಬಗ್ಗಿ ಕಿಟಕಿಯೊಳಗೆ ಮುಖ ಇಟ್ಟ. "ಹೌದೇನ್ರಿ ಸಾಹೇಬ್ರ? ಮತ್ತ ಆ ಅರ್ಥಶಾಸ್ತ್ರ ನಿಮಗರ ತಿಳಿತೈತೇನು?"

"ಏನೂ ತಿಳಿಯಂಗಿಲ್ಲ."

ಅವನು ನಕ್ಕ ನಗುವಿಗೆ ಪೋಸ್ಟ್ ಮಾಸ್ಟರರು ಒಳಗಿನಿಂದ ಎದ್ದು ಬಂದರು. ನಮ್ಮ ಸಂಘ ಹುಟ್ಟಿದ್ದು ಆ ನಗುವಿನಲ್ಲಿ ಎಂದರೆ ತಪ್ಪಿಲ್ಲ.

ಯಾರಿಗೆ ಏನು ಟಪಾಲು ಬರುತ್ತದೆಂದು ಹೊರಗೆ ಹೇಳುವುದು ನಮ್ಮ ಇಲಾಖೆಯಲ್ಲಿ ತಪ್ಪು. ಹಾಗಾಗಿ ನಾನು ಯಾರ ಹೆಸರೂ ಹೇಳಲಿಲ್ಲ. ಕಟ್ಟು ಕೊಡುವಾಗ ಒಂದೊಂದು ಚೀಟಿ ಕೈಗಿಟ್ಟೆ: ಭಾನುವಾರ ಹತ್ತು ಗಂಟೆಗೆ, ಬಜಾರಿನ ಜವಳಿ ಅಂಗಡಿಯ ಅಟ್ಟದ ಮೇಲೆ. ಜವಳಿ ಅಂಗಡಿಯ ಸಾವ್ಕಾರರೂ ನಮ್ಮವರೇ. ಐವತ್ತು ದಾಟಿದವರು, ಹಣೆಯ ತುಂಬ ವಿಭೂತಿ. ತಂದೆ ತೀರಿಕೊಂಡಾಗ ಕಾಲೇಜು ಬಿಟ್ಟು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಮೂವತ್ತು ವರ್ಷದ ಮೇಲೆ ಮತ್ತೆ ಶುರು ಮಾಡಿ, ಸೀರೆಯ ಮಡಿಕೆಯೊಳಗೆ ಪಾಠ ಇಟ್ಟುಕೊಂಡು ಓದುತ್ತಿದ್ದರು. ಒಂದು ಸಲ ಹಾಗೆಯೇ ಮಡಿಚಿ, ಭಾರತದ ಇತಿಹಾಸದ ಎರಡನೇ ಪಾಠವನ್ನು ಯಾರದೋ ಮದುವೆಯ ಸೀರೆಯ ಜತೆ ಕಟ್ಟಿಕೊಟ್ಟಿದ್ದರು. ಬೀಗರು ಅದನ್ನು ವಾಪಸು ತಂದುಕೊಡುವ ತನಕ ಅವರಿಗೆ ಗೊತ್ತೇ ಇರಲಿಲ್ಲ.

ಮೊದಲ ಭಾನುವಾರ ಐದು ಜನ ಬಂದೆವು. ಆರು ತಿಂಗಳಿಗೆ ಹದಿನಾಲ್ಕು. ಕೊಟ್ಟೂರು ನಡುವಿನ ಊರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಕಡೆಯಿಂದ ಬಂದರೂ ಸಂಜೆಗೆ ಮನೆ ಸೇರಬಹುದಾಗಿತ್ತು. ಹೆಚ್ಚಿನ ಜನರನ್ನು ಕೂಡಿಸಿದ್ದು ಕಂಡಕ್ಟರನೇ. ಟಿಕೆಟ್ ಹರಿಯುತ್ತ ಬಸ್ಸಿನ ನಡುವೆ ನಿಂತು, "ಪಿಯುಸಿ ಪಾಸಾಗಿ ಮನ್ಯಾಗ ಕುಂತೋರು ಯಾರರ ಅದೀರೇನ್ರಿ? ಇದ್ರ ಕೈ ಎತ್ರಿ," ಎಂದು ಕೂಗುತ್ತಿದ್ದನಂತೆ. ತೆಲಿಗಿಯ ಹತ್ತಿರ ಹೀಗೆ ಕೈಯೆತ್ತಿದ ಸೊಸೈಟಿ ಕಾರ್ಯದರ್ಶಿಯೊಬ್ಬರು ಇಳಿಯುವ ಊರನ್ನೂ ಮರೆತು, ಅರ್ಜಿ ಹೇಗೆ ತುಂಬುವುದೆಂದು ಕೇಳುತ್ತ ಕೊಟ್ಟೂರಿಗೇ ಬಂದುಬಿಟ್ಟಿದ್ದರು.

ಎಲ್ಲರಿಗೂ ಎಲ್ಲ ಪಾಠ ಸರಿಯಾಗಿ ಬರುತ್ತಿರಲಿಲ್ಲ. ಒಬ್ಬರಿಗೆ ಮೂರನೆಯದು ಬಂದಿಲ್ಲ, ಇನ್ನೊಬ್ಬರಿಗೆ ಐದನೆಯದು. ಅದಕ್ಕೆ ಒಂದು ಖಾಕಿ ಚೀಲ ಮಾಡಿದೆವು. ಅದು ಕಂಡಕ್ಟರನ ಸೀಟಿನ ಹಿಂದೆ ತೂಗುತ್ತಿತ್ತು. ಬೇಕಾದವರು ತಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಪಾಠ ತೆಗೆದುಕೊಂಡು, ಓದಿ, ಮತ್ತೆ ಅದೇ ಬಸ್ಸಿಗೆ ಹಾಕಬೇಕು. ಹಡಗಲಿಯ ಕಡೆಯ ಬಸ್ಸಿನವನನ್ನೂ ಹೇಗೋ ಒಪ್ಪಿಸಿದ್ದರಿಂದ, ಹಿರೇಹಡಗಲಿಯ ಮಾಸ್ತರರೊಬ್ಬರಿಗೂ ಮೈಲಾರದಿಂದ ಬರುವವರಿಗೂ ಪಾಠ ತಲುಪುತ್ತಿತ್ತು. ಅಂಚೆ ಇಲಾಖೆಯವನಾದ ನಾನು ಈ ಖಾಸಗಿ ಅಂಚೆಗೆ ತಲೆಯಾಡಿಸಿದ್ದೆ ಎಂಬುದನ್ನು ನಿವೃತ್ತಿಯಾದ ಮೇಲೆ ಈಗ ಹೇಳಿದರೆ ಏನೂ ಕೆಡುವುದಿಲ್ಲ.

ಅಟ್ಟದ ಮೇಲೆ ನಮ್ಮದೊಂದು ನಿಯಮವಿತ್ತು. ಪ್ರತಿ ಭಾನುವಾರ ಒಬ್ಬರು ಒಂದು ಪಾಠವನ್ನು ಪುಸ್ತಕ ಮುಚ್ಚಿ ಒಪ್ಪಿಸಬೇಕು. ಒಪ್ಪಿಸುವುದೆಂದರೆ ಬಾಯಿಪಾಠ ಹೇಳುವುದಲ್ಲ, ಉಳಿದವರಿಗೆ ತಿಳಿಯುವ ಹಾಗೆ ಹೇಳುವುದು. ನಡುವೆ ತಡವರಿಸಿದರೆ ಆವತ್ತಿನ ಮಂಡಕ್ಕಿ ಮಿರ್ಚಿ ಅವರ ಖರ್ಚು. ಸಾವ್ಕಾರರು ಒಪ್ಪಿಸುವ ದಿನ ಮಾತ್ರ ಎಲ್ಲರೂ ತಪ್ಪದೆ ಬರುತ್ತಿದ್ದರು. ಪಾಪ, ಅವರು ತಡವರಿಸದ ದಿನವೇ ಇರಲಿಲ್ಲ.

ನಮ್ಮಲ್ಲಿ ಒಬ್ಬರೇ ಹೆಣ್ಣುಮಗಳು. ಹಗರಿಬೊಮ್ಮನಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ಬಾಲವಾಡಿ ನಡೆಸುತ್ತಿದ್ದರು. ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದೆವು. ತಂದೆ ರೈಲು ಹಳಿಯ ಮೇಲೆ ದುಡಿದವರು. ಆ ಕೇರಿಯಲ್ಲಿ ಪಿಯುಸಿ ತನಕ ಓದಿದ ಮೊದಲನೆಯವರು ಇವರು. ತಮ್ಮ ಊರಿನ ವಿಳಾಸಕ್ಕೆ ಕಟ್ಟು ಬಂದರೆ ಟಪಾಲಿನವನು ಓಣಿಯುದ್ದಕ್ಕೂ ಕೂಗಿ ಹೇಳುತ್ತಾನೆಂದು, ಕೊಟ್ಟೂರಿನ ಅಂಚೆ ಕಚೇರಿಯಲ್ಲೇ ಇಟ್ಟುಕೊಳ್ಳುವಂತೆ ಬರೆಸಿದ್ದರು. ಮಸಿ ಹತ್ತಿದ ಸಣ್ಣ ಕೈ, ಎರಡು ಹಸಿರು ಬಳೆ. ಅದು ಕಿಟಕಿಯೊಳಗೆ ಬಂದರೆ ನಾನು ಕೇಳದೆಯೇ ಕಟ್ಟು ತೆಗೆದುಕೊಡುತ್ತಿದ್ದೆ.

ಅವರು ಬಿ.ಎ.ಯ ಉಳಿದೆಲ್ಲ ವಿಷಯಗಳನ್ನೂ ಪಾಸು ಮಾಡಿದ್ದರು. ಮೊದಲ ವರ್ಷದ ಅರ್ಥಶಾಸ್ತ್ರವೊಂದು ಬಾಕಿ ಉಳಿದಿತ್ತು. ಒಂದು ಸಲ ಬರೆದು ನಪಾಸಾಗಿದ್ದರು. ಅವರ ಇಲಾಖೆಯಲ್ಲಿ ಬಾಲವಾಡಿಗಳ ಮೇಲ್ವಿಚಾರಕಿಯ ಕೆಲಸಕ್ಕೆ ಪದವೀಧರರನ್ನು ತೆಗೆದುಕೊಳ್ಳುವುದಿತ್ತು. ಆ ವರ್ಷ ಪಾಸಾದರೆ ಸರಿ, ಮುಂದಿನ ವರ್ಷಕ್ಕೆ ಅವರ ವಯಸ್ಸು ಮೀರುತ್ತಿತ್ತು. ಇದನ್ನು ಅವರೇನೂ ಹೇಳಿಕೊಂಡು ತಿರುಗುತ್ತಿರಲಿಲ್ಲ. ಅರ್ಜಿ ತುಂಬಲು ಸಹಾಯ ಕೇಳಿದಾಗ ಹುಟ್ಟಿದ ತಾರೀಖು ನೋಡಿ ನನಗೆ ಗೊತ್ತಾಯಿತು.

ಆ ವರ್ಷ ಅರ್ಥಶಾಸ್ತ್ರದ ಒಂದು ಪಾಠ ಒಪ್ಪಿಸುವ ಸರದಿ ನನ್ನದು. ಇಳಿಮುಖ ತುಷ್ಟಿಗುಣ ನಿಯಮ ಎಂದು ಅದರ ಹೆಸರು. ಹೆಸರು ಕೇಳಿದರೆ ಹೆದರಿಕೆಯಾಗುತ್ತದೆ, ವಿಷಯ ಸುಲಭ. ಹಸಿದವನಿಗೆ ಮೊದಲನೆಯ ತುತ್ತು ಕೊಡುವ ತೃಪ್ತಿಯನ್ನು ಎರಡನೆಯದು ಕೊಡುವುದಿಲ್ಲ, ಮೂರನೆಯದು ಇನ್ನೂ ಕಡಿಮೆ. ಪುಸ್ತಕದಲ್ಲಿ ಸೇಬುಹಣ್ಣಿನ ಉದಾಹರಣೆ ಇತ್ತು. ಒಬ್ಬನು ಒಂದರ ಮೇಲೊಂದು ಆರು ಸೇಬು ತಿನ್ನುತ್ತಾನೆ. ನಮ್ಮ ಅಟ್ಟದಲ್ಲಿ ಒಂದೇ ಸಲಕ್ಕೆ ಆರು ಸೇಬು ನೋಡಿದವರೇ ಇರಲಿಲ್ಲ, ತಿನ್ನುವುದು ಹಾಗಿರಲಿ. ನಾನು ಸೇಬು ತೆಗೆದು ಮಿರ್ಚಿ ಇಟ್ಟೆ.

"ಬಸ್ ಸ್ಟ್ಯಾಂಡಿನ ಹೋಟೆಲಿನಾಗ ಬಿಸಿ ಮಿರ್ಚಿ ಕರಿಯಾಕತ್ತಾರ. ಮೊದಲನೇ ಮಿರ್ಚಿಗೆ ಇಪ್ಪತ್ತು ನಂಬರಿನ ಖುಷಿ. ಎರಡನೇದಕ್ಕ ಹದಿನೈದು. ಮೂರನೇದಕ್ಕ ಹತ್ತು. ನಾಕನೇದಕ್ಕ ಐದು. ಐದನೇದು ತಿಂದ್ರೂ ಅಷ್ಟ, ಬಿಟ್ರೂ ಅಷ್ಟ, ಸೊನ್ನಿ. ಆರನೇದು ತಿಂದ್ರ ಹೊಟ್ಟ್ಯಾಗ ಬೆಂಕಿ ಬಿದ್ದು ಒಂದು ಚೊಂಬು ಮಜ್ಜಿಗಿ ಕುಡಿಬೇಕು!"

ಅಟ್ಟ ನಗುವಿನಿಂದ ತುಂಬಿತು. ಸಾವ್ಕಾರರು ಕಣ್ಣೀರು ಒರೆಸಿಕೊಂಡು, "ತಿಳಿತು ನೋಡ್ರಿ, ಮೂವತ್ತು ವರ್ಷಕ್ಕ ಒಂದರ ತಿಳಿತು," ಎಂದರು. ಎಲ್ಲರೂ ಗೀಚಿಕೊಂಡರು. ನನಗೆ ಒಳಗೊಳಗೇ ಬಹಳ ಉಬ್ಬು ಬಂದಿತ್ತು.

ಹಿಂದಿನಿಂದ ಟೀಚರಮ್ಮ ಎದ್ದು ನಿಂತರು. "ಅಣ್ಣಾರ, ನನಗೊಂದು ಅನುಮಾನ ಐತ್ರಿ. ನಮ್ಮ ಬಾಲವಾಡ್ಯಾಗ ಸಣ್ಣ ಮಕ್ಕಳಿಗೆ ಹಳದಿ ಉಪ್ಪಿಟ್ಟು ಹಾಕ್ತೀವಲ್ರಿ. ಅಲ್ಲಿ ಮೂರನೇ ಸೌಟಿಗೆ ಖುಷಿ ಕಮ್ಮಿ ಆಗಂಗಿಲ್ರಿ..."

ಎಲ್ಲರೂ ಮೆಚ್ಚಿ ನಗುತ್ತಿರುವಾಗ ಒಬ್ಬರು ಎದ್ದು ಇಲ್ಲ ಎಂದರೆ ನನ್ನಂಥವನಿಗೆ ಹೇಗಾಗಬೇಕು? "ಪುಸ್ತಕದಾಗ ಕಮ್ಮಿ ಆಗ್ತೈತಿ ಅಂತ ಐತಿ. ಆಗಂಗಿಲ್ಲ ಅಂತ ಬರದ್ರ ಸೊನ್ನಿ ಹಾಕ್ತಾರ," ಎಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. "ನೀವು ನಪಾಸಾಗಿದ್ದು ಯಾಕಂತ ಈಗ ಗೊತ್ತಾತು ಬಿಡ್ರಿ," ಎಂದೂ ಸೇರಿಸಿದೆ.

ಯಾರೂ ನಗಲಿಲ್ಲ. ಟೀಚರಮ್ಮ ಕೂತರು. ಪೆನ್ನು ತೆಗೆದು ನಾನು ಹೇಳಿದ್ದನ್ನೇ ಬರೆದುಕೊಂಡರು, ಮಜ್ಜಿಗೆಯ ಚೊಂಬಿನ ತನಕ.

ಪರೀಕ್ಷೆಗೆ ಮೊದಲು ಪ್ರತಿಯೊಂದು ವಿಷಯಕ್ಕೂ ಉತ್ತರ ಬರೆದು ಅಂಚೆಯಲ್ಲಿ ಕಳಿಸಬೇಕಿತ್ತು. ಅದನ್ನು ಅಲ್ಲಿಯ ಮೇಷ್ಟ್ರು ತಿದ್ದಿ ಒಪ್ಪಿದರೆ ಮಾತ್ರ ಪರೀಕ್ಷೆಯ ಪ್ರವೇಶಪತ್ರ. ಆ ಸಲ ಕೇಳಿದ್ದು ಇದೇ ನಿಯಮವನ್ನು, ಸ್ವಂತ ಉದಾಹರಣೆಯೊಂದಿಗೆ ವಿವರಿಸಿ ಎಂದು. ಹದಿನಾಲ್ಕು ಜನರೂ ಸಂತೋಷದಿಂದ ಬರೆದೆವು. ಹದಿನಾಲ್ಕನ್ನೂ ನಾನೇ ಮೊಹರು ಒತ್ತಿ ಚೀಲಕ್ಕೆ ಹಾಕಿದೆ.

ಮೂರು ವಾರಕ್ಕೆ ಹದಿನಾಲ್ಕೂ ವಾಪಸು ಬಂದವು. ನನ್ನದನ್ನು ಬಿಚ್ಚಿ ನೋಡಿದೆ. ಉದ್ದಕ್ಕೂ ಕೆಂಪು ಗೀಟು. ಕೆಳಗೆ ದುಂಡು ಅಕ್ಷರದಲ್ಲಿ: "ಇದು ನಿಮ್ಮ ಸ್ವಂತ ಉತ್ತರವಲ್ಲ. ತಿರಸ್ಕರಿಸಿದೆ. ಹದಿನಾಲ್ಕು ಜನರೂ ಆರನೇ ಮಿರ್ಚಿಗೇ ಮಜ್ಜಿಗೆ ಕುಡಿದಿರೇನು?"

ಮೊದಲು ನಗು ಬಂತು. ಎರಡನೆಯ ಸಲ ಓದಿದಾಗ ಟೀಚರಮ್ಮ ನೆನಪಾದರು. ನಾನು, ಕಂಡಕ್ಟರ್, ಸಾವ್ಕಾರರು, ನಮಗೆಲ್ಲ ಒಂದು ವರ್ಷ ಹೋದರೆ ಹೋಯಿತು, ಮುಂದಿನ ವರ್ಷ ಬರೆಯಬಹುದು. ಟೀಚರಮ್ಮನಿಗೆ ಮುಂದಿನ ವರ್ಷ ಇರಲಿಲ್ಲ. ಅವರ ತಲೆಯಲ್ಲಿ ಸ್ವಂತದ ಉದಾಹರಣೆ ಒಂದಿತ್ತು, ಅದನ್ನು ಹೇಳಲು ಬಿಡದೆ ಬಾಯಿ ಮುಚ್ಚಿಸಿದವನು ನಾನು. ಆ ವಾರ ಹಸಿರು ಬಳೆಯ ಕೈ ಕಿಟಕಿಯೊಳಗೆ ಬಂದಾಗ ನಾನು ಕಟ್ಟು ಕೊಟ್ಟೆ. ಅವರು ಅಲ್ಲೇ ಬಿಚ್ಚಿದ ಸದ್ದು ಕೇಳಿಸಿತು. ತುಂಬ ಹೊತ್ತು ಆ ಕೈ ಕಿಟಕಿಯ ಹಲಗೆಯ ಮೇಲೇ ಇತ್ತು. ಬಗ್ಗಿ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಆಗ ದಾವಣಗೆರೆಯಲ್ಲಿ ಒಂದು ವಾರದ ಸಂಪರ್ಕ ತರಗತಿ ನಡೆದಿತ್ತು. ಅಂಚೆಯಲ್ಲಿ ಓದುವವರಿಗೆ ಮೇಷ್ಟ್ರುಗಳು ಬಂದು ಎದುರಿಗೆ ಪಾಠ ಹೇಳುವ ಏರ್ಪಾಡು ಅದು. ನಮ್ಮ ಉತ್ತರಕ್ಕೆ ಕೆಂಪು ಗೀಟು ಎಳೆದ ಮೇಷ್ಟ್ರೂ ಬಂದಿದ್ದಾರೆಂದು ತಿಳಿದು, ನಾನೂ ಕಂಡಕ್ಟರನೂ ರಜೆ ಹಾಕಿ ಹೋದೆವು. ತೆಳ್ಳಗಿನ ಮನುಷ್ಯ, ದಕ್ಷಿಣದ ಕಡೆಯ ಮಾತು. ಕೊಟ್ಟೂರು ಎಂದ ಕೂಡಲೇ ಕನ್ನಡಕ ತೆಗೆದು ನಮ್ಮನ್ನು ನೋಡಿದರು.

"ಓ, ಮಿರ್ಚಿಯೋರಾ? ಪುಸ್ತಕ ನೋಡಿ ಇಳಿಸಿದ್ರೆ ಬೈದು ಸುಮ್ನಾಗ್ತಿದ್ದೆ ಕಣ್ರೀ. ಇದು ಪುಸ್ತಕದಲ್ಲೂ ಇಲ್ಲ. ಯಾರದ್ದು ಇದು, ಮೊದಲು ಹೇಳಿ."

"ನಂದ್ರಿ ಸರ," ಎಂದೆ. ಸಂಘದ ಸಂಗತಿಯೆಲ್ಲ ಹೇಳಿದೆ. ಅಟ್ಟ, ಒಪ್ಪಿಸುವ ಪದ್ಧತಿ, ಖಾಕಿ ಚೀಲ. ಅವರು ಕೇಳುತ್ತ ಕೇಳುತ್ತ ಕುರ್ಚಿ ಎಳೆದು ಕೂತರು. ಆದರೆ ಗೀಟು ಅಳಿಸಲು ಒಪ್ಪಲಿಲ್ಲ. ನಾನು ಟೀಚರಮ್ಮನ ವಯಸ್ಸಿನ ಮಾತು ಎತ್ತಿದೆ. ಒಬ್ಬರ ವಯಸ್ಸು ನೋಡಿ ಉತ್ತರ ತಿದ್ದಲು ಬರುವುದಿಲ್ಲ ಎಂದರು. ಅದು ನ್ಯಾಯವೇ.

ಕೊನೆಗೆ ಕಂಡಕ್ಟರ್ ಬಾಯಿ ಬಿಟ್ಟ. "ಸರ, ನೀವ ಬಂದು ಒಬ್ಬೊಬ್ಬರನ್ನ ಎದುರಿಗೆ ನಿಂದ್ರಿಸಿ ಕೇಳ್ರಿ. ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಭಾನುವಾರ ನಮ್ಮ ಬಸ್ಸಿಗೆ ಬರ್ರಿ, ಕಿಟಕಿ ಪಕ್ಕದ ಸೀಟು ಹಿಡದಿಡ್ತೀನಿ."

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. "ಎಷ್ಟೋ ವರ್ಷದಿಂದ ಪಾಠ ಬರೆದು ಅಂಚೆಗೆ ಹಾಕ್ತಾ ಇದ್ದೀನಿ. ಅದು ಎಲ್ಲಿಗೆ ಹೋಗಿ ಬೀಳುತ್ತೆ ಅಂತ ಒಂದು ಸಲಾನೂ ನೋಡಿಲ್ಲ. ಬರ್ತೀನಿ ಬಿಡಿ. ಆದ್ರೆ ಮಿರ್ಚಿ ಅಂತ ಬಾಯಿಬಿಟ್ಟೋರ ಕಥೆ ಅಲ್ಲಿಗೇ ಮುಗೀತು."

ಭಾನುವಾರ ಸಾವ್ಕಾರರು ಅಟ್ಟ ಗುಡಿಸಿ, ಜಮಖಾನೆ ಹಾಸಿ, ಅಂಗಡಿಯಲ್ಲಿದ್ದ ಒಂದೇ ಕುರ್ಚಿಗೆ ಹೊಸ ಟವೆಲ್ಲು ಹೊದಿಸಿದ್ದರು. ಎಲ್ಲರೂ ಬಂದರು. ಟೀಚರಮ್ಮ ಬರುತ್ತಾರೋ ಇಲ್ಲವೋ ಎಂದು ನಾನು ಮೆಟ್ಟಿಲ ಕಡೆಗೇ ಕಣ್ಣಿಟ್ಟಿದ್ದೆ. ಅವರ ಊರಿನ ಕಡೆಯ ರೈಲು ಗಾಡಿ ತಡವಾಗಿ ಬಂದಿತ್ತು. ಅವರು ಎಲ್ಲರಿಗಿಂತ ಕೊನೆಗೆ ಬಂದು ಸೀರೆಗಳ ಗಂಟಿನ ಪಕ್ಕ ಕೂತರು.

ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿದರು. ಕಂಡಕ್ಟರ್ ತನ್ನ ಬಸ್ಸನ್ನೇ ಹೇಳಿದ. ಖಾಲಿ ಬಸ್ಸಿಗೆ ಹತ್ತಿದ ಮೊದಲ ಪ್ರಯಾಣಿಕನನ್ನು ನೋಡಿದರೆ ದೇವರು ಬಂದಷ್ಟು ಖುಷಿ, ಸೀಟು ತುಂಬಿದ ಮೇಲೆ ಬಂದವರನ್ನು ಕಂಡರೆ ಏನೂ ಅನ್ನಿಸುವುದಿಲ್ಲ, ಬಾಗಿಲಲ್ಲಿ ಜೋತಾಡುವವನನ್ನು ಕಂಡರೆ ಮೈ ಉರಿಯುತ್ತದೆ. ಮೇಷ್ಟ್ರು ಮುಗುಳ್ನಕ್ಕರು. ಸಾವ್ಕಾರರು ಮದುವೆಯ ಜವಳಿಗೆ ಬಂದ ಬೀಗರನ್ನು ಹೇಳಿದರು. ಮೊದಲನೆಯ ಸೀರೆ ಬಿಚ್ಚಿದಾಗ ಕಣ್ಣರಳಿಸುವ ಹೆಂಗಸರು ನಲವತ್ತನೆಯ ಸೀರೆಗೆ ಆಕಳಿಸುತ್ತಾರೆ, ನಲವತ್ತನೆಯದು ಎಷ್ಟೇ ಚಂದವಿದ್ದರೂ. ಒಂದು ಸಲವೂ ತಡವರಿಸಲಿಲ್ಲ. ಮುಗಿಸಿದ ಮೇಲೆ ತಾವೇ ಬೆರಗಾಗಿ ಎಲ್ಲರ ಮುಖ ನೋಡಿದರು.

ಆಮೇಲೆ ನಾನು ಎದ್ದೆ. ನಂಬುತ್ತೀರೋ ಇಲ್ಲವೋ, ನನ್ನ ತಲೆಯಲ್ಲಿ ಮಿರ್ಚಿ ಬಿಟ್ಟು ಬೇರೇನೂ ಇರಲಿಲ್ಲ. ಎಣ್ಣೆಯಲ್ಲಿ ಚೊಯ್ ಎನ್ನುವ ಸದ್ದು ಕೂಡ ಕೇಳಿಸುತ್ತಿತ್ತು. "ಚಾ..." ಎಂದೆ.

"ಮಿರ್ಚಿ ಆಯ್ತು, ಈಗ ಚಾ. ನೀವು ಅಂಚೆ ಕಚೇರೀಲಿ ಇದ್ದೀರೋ, ಹೋಟ್ಲಲ್ಲೋ?" ಎಂದರು ಮೇಷ್ಟ್ರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅದು ನನಗೆ ಬೇಕಾಗಿತ್ತು. ಕೊನೆಗೆ ಹೇಗೋ ಮೊಹರು ಒತ್ತುವ ಕೆಲಸದ ಮೇಲೆ ಏನೋ ಹೇಳಿ ಕೂತೆ.

ಉಳಿದದ್ದು ಟೀಚರಮ್ಮ. ಅವರು ಎದ್ದು ನಿಂತು, ಮೊದಲು ಮೇಷ್ಟ್ರ ಕಡೆಗಲ್ಲ, ನನ್ನ ಕಡೆ ನೋಡಿದರು. ಒಂದು ಗಳಿಗೆ ಅಷ್ಟೆ. ಹೇಳಲೋ ಬೇಡವೋ ಎಂದು ಕೇಳುವ ನೋಟ ಅದು. ಇಷ್ಟು ವರ್ಷವಾದರೂ ಆ ನೋಟ ನೆನಪಾದರೆ ನನಗೆ ನಾಚಿಕೆಯಾಗುತ್ತದೆ. ನಾನು ಹೇಳಿ ಎಂದು ತಲೆಯಾಡಿಸಿದೆ.

"ಸರ, ನಮ್ಮ ಬಾಲವಾಡ್ಯಾಗ ಒಂದು ಹುಡುಗಿ ಐತ್ರಿ, ಐದು ವರ್ಷದ್ದು. ಸಿಲವರದ ಬಟ್ಟಲು ತರತೈತಿ. ಮೊದಲನೇ ಸೌಟು ಉಪ್ಪಿಟ್ಟು ಹಾಕಿದ್ರ ಗಬಗಬ ತಿಂತೈತ್ರಿ. ಎರಡನೇದು ನಿಧಾನ ತಿಂತೈತಿ. ಇಲ್ಲೀತನ ಪುಸ್ತಕ ಹೇಳಿದ್ದು ಖರೇ ಐತ್ರಿ. ಆಮ್ಯಾಲೆ ಮತ್ತ ಬಟ್ಟಲು ಹಿಡಿತೈತಿ. ಹೊಟ್ಟಿ ತುಂಬಿದ್ದು ನನಗ ಕಾಣಸ್ತೈತ್ರಿ. ಆದ್ರ ಆ ಮೂರನೇ ಸೌಟು ಬೀಳಾಗ ಅದರ ಮಕ ನೋಡಬೇಕ್ರಿ ಸರ ನೀವು. ಮೊದಲನೇದಕ್ಕೂ ಅಷ್ಟು ಖುಷಿ ಇರಂಗಿಲ್ಲ. ಅದನ್ನ ಒಂದು ಅಗಳೂ ತಿನ್ನಂಗಿಲ್ಲ. ಲಂಗದಾಗ ಮುಚಿಗೊಂಡು ಮನಿಗೆ ಒಯ್ತೈತಿ. ಮನ್ಯಾಗ ತಮ್ಮ ಅದಾನ, ಅವಂಗ ಇನ್ನಾ ಬಾಲವಾಡಿಗೆ ಬರೋ ವಯಸ್ಸಾಗಿಲ್ಲ."

ಅವರು ಕೈಯಲ್ಲಿದ್ದ ನೋಟ್ ಬುಕ್ಕಿನ ಹಾಳೆ ತಿರುವಿದರು.

"ಮೊದಲನೇದಕ್ಕ ಇಪ್ಪತ್ತು, ಎರಡನೇದಕ್ಕ ಹದಿನೈದು ಅಂತ ಹಾಕಿದೆ ಸರ. ಮೂರನೇ ಸೌಟಿಗೆ ಎಷ್ಟು ನಂಬರು ಹಾಕಬೇಕಂತ ನನಗ ತಿಳಿವಲ್ದು."

ಕೆಳಗೆ ಬಜಾರಿನಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಮೇಷ್ಟ್ರು ಕನ್ನಡಕ ತೆಗೆದು ಹೊಸ ಟವೆಲ್ಲಿನ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

"ಇದನ್ನ ಯಾಕಮ್ಮ ಬರೀಲಿಲ್ಲ?"

"ಪುಸ್ತಕದಾಗ ಇದ್ದಿದ್ದಿಲ್ರಿ, ಅದಕ್ಕ," ಎಂದರು ಟೀಚರಮ್ಮ.

ಅವರು ನನ್ನ ಹೆಸರು ಹೇಳಬಹುದಿತ್ತು. ಹೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನಾನು ಎದ್ದು ನಿಂತೆ. "ನಾನ ಬ್ಯಾಡ ಅಂದಿದ್ದೆ ಸರ. ಅವರು ಆವತ್ತ ಹೇಳಾಕ ಬಂದಿದ್ರು. ನಪಾಸಾದೋರು ಅಂತ ಹಂಗಿಸಿ ಕುಂದ್ರಿಸಿದೆ. ತಪ್ಪು ನಂದು," ಎಂದೆ. ಹದಿನಾಲ್ಕು ಜನರ ಮುಂದೆ ಇಂಥ ಮಾತು ಹೇಳಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಮೇಷ್ಟ್ರು ನನಗೆ ಕೂರಲು ಕೈಸನ್ನೆ ಮಾಡಿದರು. ಟೀಚರಮ್ಮನಿಗೆ ಹೇಳಿದರು: "ಪುಸ್ತಕದಲ್ಲಿ ಸೇಬು ತಿನ್ನೋನು ಒಬ್ಬನೇ ಅಮ್ಮ. ಅವನಿಗೆ ತಮ್ಮ ಇಲ್ಲ. ಹಾಗಾಗಿ ನಿಯಮವೂ ಸರಿ, ನಿಮ್ಮ ಹುಡುಗೀನೂ ಸರಿ. ಎರಡನ್ನೂ ಬರೀರಿ. ಎಲ್ಲರೂ ಬರೀರಿ, ಈಗಲೇ, ಇಲ್ಲೇ. ನಾನೇ ತಗೊಂಡು ಹೋಗ್ತೀನಿ."

ಸಾವ್ಕಾರರು ಸೀರೆಯ ಮಡಿಕೆಗಳಿಂದ ರಟ್ಟು ತೆಗೆದು ಎಲ್ಲರಿಗೂ ಕೊಟ್ಟರು. ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಒಬ್ಬರ ಕಡೆ ಒಬ್ಬರು ಬೆನ್ನು ಮಾಡಿ ಕೂತು ಬರೆದೆವು. ಬರೆದಾದ ಮೇಲೆ ಮಂಡಕ್ಕಿ ಮಿರ್ಚಿ ಬಂತು. ಆವತ್ತು ತಡವರಿಸಿದವನು ನಾನೊಬ್ಬನೇ ಆದ್ದರಿಂದ ಅದು ನನ್ನ ಪಾಲಿನದು. ಮೇಷ್ಟ್ರು ಮೂರು ಮಿರ್ಚಿ ತಿಂದರು. ನಾಲ್ಕನೆಯದು ಬೇಡವೆಂದು ಕೈ ಅಡ್ಡ ಹಿಡಿದಾಗ, "ನೋಡ್ರಿ, ನಿಯಮ ಏನ್ ಸುಳ್ಳಲ್ಲ," ಎಂದ ಕಂಡಕ್ಟರ್. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ.

ಟೀಚರಮ್ಮನನ್ನು ಸ್ಟೇಷನ್ನಿನ ತನಕ ಬಿಟ್ಟು ಬರಲು ನಾನೂ ಸಾವ್ಕಾರರೂ ಹೋದೆವು. ಗಾಡಿ ಇನ್ನೂ ಬಂದಿರಲಿಲ್ಲ. "ಅವತ್ತಿಂದು ಮನಸಿನಾಗ ಇಟಗೋಬ್ಯಾಡ್ರಿ," ಎಂದೆ.

"ನಪಾಸಾದ ದಿನ ಅತ್ತಿದ್ದೆ ಅಣ್ಣಾರ. ನೀವಂದ ದಿನ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟಿನಾಗ ಇಡೀ ಪುಸ್ತಕ ಮತ್ತೊಮ್ಮೆ ಓದಿದೆ. ಒಳ್ಳೇದ ಆತು," ಎಂದು ನಕ್ಕರು. ನನ್ನ ಸಿಟ್ಟಿನಿಂದ ಯಾರಿಗಾದರೂ ಒಳ್ಳೆಯದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವರ ಉತ್ತರ ಒಪ್ಪಿಗೆಯಾಗಿ ಬಂತು. ಕೆಳಗೆ ಅದೇ ದುಂಡು ಕೆಂಪು ಅಕ್ಷರದಲ್ಲಿ, "ಮೂರನೇ ಸೌಟಿಗೆ ಎಷ್ಟು ಹಾಕಬೇಕೆಂದು ನನಗೂ ತಿಳಿಯಲಿಲ್ಲ," ಎಂದಿತ್ತು. ಅದನ್ನು ಟೀಚರಮ್ಮ ಕಿಟಕಿಯೊಳಗೆ ತೋರಿಸಿದ್ದರಿಂದ ನನಗೆ ಗೊತ್ತು. ಪ್ರವೇಶಪತ್ರ ನನ್ನ ಕೈಯಿಂದಲೇ ಹೋಯಿತು. ಪರೀಕ್ಷೆ ಬರೆದರು, ಪಾಸಾದರು. ಆ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ನಂಬರು. ಇದನ್ನು ಕಂಡಕ್ಟರ್ ಬಸ್ಸಿನಲ್ಲಿ ಕೂಗಿ ಹೇಳುತ್ತ ಹೋದದ್ದರಿಂದ ಐದೂ ಊರಿಗೆ ಗೊತ್ತಾಯಿತು. ಮೇಲ್ವಿಚಾರಕಿಯ ಕೆಲಸದ ಆದೇಶ ವಯಸ್ಸು ಮೀರುವ ಮೊದಲೇ ಬಂತು.

ಆಮೇಲೆ ಅವರ ಕೈ ನಮ್ಮ ಕಿಟಕಿಗೆ ಬರುವುದು ನಿಂತಿತು. ಎಂಬತ್ತರ ದಶಕ ಶುರುವಾಗಿತ್ತು. ನಮ್ಮ ಅಟ್ಟಕ್ಕೆ ಹೊಸಬರು ಬರುತ್ತಿದ್ದರು, ಖಾಕಿ ಚೀಲ ಹರಿದು ಎರಡನೆಯದು ಹೊಲಿಸಿದ್ದೆವು. ಒಂದು ಸೋಮವಾರ, ಮನಿಯಾರ್ಡರಿನವರು ಬಾಗಿಲ ತನಕ ಸಾಲು ನಿಂತಿದ್ದಾಗ, ಅದೇ ಎರಡು ಹಸಿರು ಬಳೆ ಒಳಗೆ ಬಂದವು. ಈ ಸಲ ಯಾರು ಹೋಗುವುದನ್ನೂ ಕಾಯಲಿಲ್ಲ, ಪಿಸುಗುಟ್ಟಲೂ ಇಲ್ಲ.

"ಅಣ್ಣಾರ, ಪಾಠದ ಕಟ್ಟು ಬಂದಾವೇನ್ರಿ?" ಎಂದು ಸಾಲಿನವರೆಲ್ಲ ಕೇಳುವ ಹಾಗೆ ಕೇಳಿದರು.

ಬಂದಿದ್ದವು. ಅವರ ಮೂಲಕ ಎಂದು ನಮ್ಮ ಅಂಚೆ ಕಚೇರಿಯ ವಿಳಾಸಕ್ಕೆ ಮೂರು ಕಟ್ಟು, ಮೇಲೆ ಮೂವರು ಬೇರೆ ಬೇರೆ ಹೆಂಗಸರ ಹೆಸರು. ಅವರ ಕೈಕೆಳಗಿನ ಹಳ್ಳಿಗಳಲ್ಲಿ ಬಾಲವಾಡಿ ನಡೆಸುವವರು, ಪಿಯುಸಿ ಓದಿ ಅಲ್ಲಿಗೇ ನಿಂತವರು. ಅರ್ಜಿ ತುಂಬಿ ಕಳಿಸಿದ್ದು ಇವರೇ.

"ನೀವು ಪಾಸಾಗಿ ವರ್ಷ ಆತಲ್ರಿ. ಇನ್ನಾ ಕಟ್ಟು ತಪ್ಪಲಿಲ್ಲ ನಿಮಗ," ಎಂದು ಚೇಷ್ಟೆ ಮಾಡಿದೆ.

"ನಂದು ಹೊಟ್ಟಿ ತುಂಬೇತ್ರಿ ಅಣ್ಣಾರ. ಇವು ಮನಿಗೆ ಒಯ್ಯೋವು," ಎಂದರು.

ಕೈ ಮೂರೂ ಕಟ್ಟನ್ನು ತೆಗೆದುಕೊಂಡು ಸೆರಗಿನೊಳಗೆ ಸೇರಿಸಿತು. ಹಿಂದಿನವರು ಬೇಗ ಮಾಡ್ರಿ ಎನ್ನುತ್ತಿದ್ದರು. ನಾನು ಮೊಹರು ಕೆಳಗಿಟ್ಟು, ಆ ತಗ್ಗಿನ ಕಿಟಕಿಯಿಂದ ಬಗ್ಗಿ, ಅವರ ಮುಖ ನೋಡಿದೆ.